ಪರದೆಯ ಮೇಲಿನ ಹಸಿರು ಕಾಲು

ಗಾಜಿನ ಕೋಣೆಯ ಪರದೆಯ ಮೇಲೆ ಹಸಿರು ಕಾಲೊಂದು ನಿಧಾನವಾಗಿ ತಿರುಗುತ್ತಿತ್ತು. ಮೊಣಕಾಲಿನ ಕೆಳಗೆ ಮೊಟಕಾದ ಕಾಲು. ಅದು ನನ್ನ ಅಕ್ಕ ಶಿವಲೀಲಳದ್ದಂತೆ.

ಅಕ್ಕ ಸಿಟಿ ಬಸ್ಸಿನ ಕಂಡಕ್ಟರ್. ಅಪಘಾತದಲ್ಲಿ ಕಾಲು ಹೋದ ಮೇಲೆ ಡಿಪೋದವರು ಒಂದೇ ಮಾತು ಹೇಳಿದ್ದರು: ಸೋಮವಾರ ಬಂದು ಓಡುವ ಬಸ್ಸಿನಲ್ಲಿ ನಿಂತು ತೋರಿಸು, ಇಲ್ಲವಾದರೆ ಆ ಕೆಲಸ ಮರೆತುಬಿಡು. ಅದಕ್ಕೇ ಈ ಕೇಂದ್ರಕ್ಕೆ ಅಲೆಯುತ್ತಿದ್ದೆವು. ಕೃತಕ ಕಾಲಿನಲ್ಲಿ ಮೊಟಕು ಕಾಲು ಕೂರುವ ಬಟ್ಟಲನ್ನು ಇಲ್ಲಿ ಯಂತ್ರವೊಂದು ಪದರದ ಮೇಲೆ ಪದರವಿಟ್ಟು ಮುದ್ರಿಸುತ್ತಿತ್ತು. ಮೊದಲು ಕಂಪ್ಯೂಟರಿನೊಳಗೆ ಕಾಲಿನ ಅವಳಿಯೊಂದನ್ನು ಮಾಡಿ, ಬಟ್ಟಲು ಎಲ್ಲಿ ಒತ್ತುತ್ತದೆಂದು ಅದರ ಮೇಲೇ ಪರೀಕ್ಷಿಸುತ್ತಿದ್ದರು. ಒತ್ತಿದರೆ ಕೆಂಪು, ಸರಿಯಿದ್ದರೆ ಹಸಿರು.

ಅಕ್ಕ ಬಟ್ಟಲು ಕಳಚಿದಳು. ಒಳಗಿನ ಬಟ್ಟೆಗೆ ರಕ್ತ ಅಂಟಿತ್ತು.

"ಒತ್ತಡ ಎಲ್ಲೂ ಇಲ್ಲಮ್ಮ," ಎಂದ ಎಂಜಿನಿಯರ್ ಪ್ರಹ್ಲಾದ, ಪರದೆಯಿಂದ ಕಣ್ಣು ತೆಗೆಯದೆ. "ನೋಡಿ, ಪೂರ್ತಿ ಹಸಿರು. ನೀವೇ ಸರಿಯಾಗಿ ಊರ್ತಿಲ್ಲ."

ನನ್ನ ಮೈ ಉರಿದುಹೋಯಿತು. "ಸಾರ್, ರಕ್ತ ಇಲ್ಲಿದೆ. ಇತ್ತ ಕಡೆ ನೋಡಿ."

"ಎಷ್ಟು ಓದಿದೀಯಪ್ಪ ನೀನು?"

"ಎಂಟನೇ ಕ್ಲಾಸು. ರಕ್ತ ಕೆಂಪಗಿರುತ್ತೆ ಅನ್ನೋಷ್ಟು ಓದಿದೀನಿ."

ಅಕ್ಕ ನನ್ನ ತೋಳು ಹಿಡಿದು ಕೂರಿಸಿದಳು. "ಅಲ್ಲ ಸಾರ್, ಟಿಕೆಟ್ ತಗೊಂಡವಳು ನಾನು. ಸೀಟು ಮಾತ್ರ ಆ ಸ್ಕ್ರೀನಿನ ಕಾಲಿಗಾ?"

ಮೂಲೆಯಲ್ಲಿದ್ದ ನರ್ಸ್ ಕಿಸಕ್ಕೆಂದಳು. ಪ್ರಹ್ಲಾದ ಸಿಡುಕಿನಿಂದ ಕಂಪ್ಯೂಟರಿನಲ್ಲಿ ಅಕ್ಕನ ಹಳೆಯ ಅಳತೆಯ ದಾಖಲೆ ತೆರೆದು ನೋಡಿದ. ಅವನ ಮುಖ ಇಳಿಯಿತು. ಆ ಅವಳಿಯನ್ನು ಮಾಡಿದ್ದು ಆಪರೇಷನ್ ಆದ ಹೊಸದರಲ್ಲಿ, ಕಾಲು ಬಾತುಕೊಂಡಿದ್ದಾಗ. ಆಮೇಲೆ ಬಾವು ಇಳಿದು ಅಕ್ಕನ ಕಾಲು ಸಣ್ಣಗಾಗಿತ್ತು. ಪರದೆಯ ಕಾಲು ಹಾಗೇ ಉಳಿದಿತ್ತು. ನೋವೆಂದು ನಾವು ಬಂದಾಗಲೆಲ್ಲ ಅದರ ಅಳತೆಗೇ ಮತ್ತೊಂದು ಬಟ್ಟಲು ಮುದ್ರಿಸಿ ಕೊಟ್ಟು ಕಳಿಸಿದ್ದರು. ಸಡಿಲ ಬಟ್ಟಲಿನೊಳಗೆ ಅಕ್ಕನ ಕಾಲು ಕುಸಿದು ಉಜ್ಜಿಕೊಳ್ಳುತ್ತಿತ್ತು.

"ಪ್ರತಿ ಸಲ ಹೊಸದಾಗಿ ಅಳೀಬೇಕಿತ್ತು," ಎಂದ ಮೆಲ್ಲಗೆ.

"ಮತ್ತೆ ಯಾಕೆ ಅಳೀಲಿಲ್ಲ?" ಎಂದೆ.

"ಹಸಿರು ತೋರಿಸ್ತಿತ್ತಲ್ಲ..."

ಅಕ್ಕ ಬೈಯಲಿಲ್ಲ. ಬಟ್ಟಲನ್ನೆತ್ತಿ ಪರದೆಯ ಮುಂದಿಟ್ಟಳು. "ಇಟ್ಕೊಳ್ಳಿ. ಅದಕ್ಕೇ ಹಾಕಿ, ಸೋಮವಾರ ಅದನ್ನೇ ಬಸ್ ಹತ್ಸಿ."

ಗಾಯ ಮಾಯುವತನಕ ಹೊಸ ಬಟ್ಟಲು ಹಾಕುವಂತಿರಲಿಲ್ಲ. ಸೋಮವಾರ ಬಂದು ಹೋಯಿತು. ಅಕ್ಕನನ್ನು ಪಾಸು ಕೊಡುವ ಕಿಂಡಿಯ ಹಿಂದೆ ಕೂರಿಸಿದರು. ಬಸ್ಸು ಹೊರಡುವಾಗ ಈಗಲೂ ಅವಳ ತುಟಿ ಸೀಟಿ ಊದುವಂತೆ ಮುಂದಾಗುತ್ತದೆ. ಪ್ರಹ್ಲಾದನನ್ನು ನಾನು ಕ್ಷಮಿಸಿಲ್ಲ. ಯಾಕೆ ಕ್ಷಮಿಸಲಿ?

ಆ ಕೇಂದ್ರದ ಮುಂದೆ ಹಾದುಹೋಗುವಾಗ ಗಾಜಿನಾಚೆ ಕಣ್ಣು ಹೋಗುತ್ತದೆ. ಬಂದವರಿಗೆ ತೋರಿಸಲೆಂದು ಆ ಕಾಲನ್ನು ಇನ್ನೂ ಇಟ್ಟುಕೊಂಡಿದ್ದಾರೆ. ಬಾತುಕೊಂಡೇ ಇದೆ, ಹಸಿರಾಗಿಯೇ ಇದೆ, ನಿಧಾನವಾಗಿ ತಿರುಗುತ್ತಲೇ ಇದೆ.