ಬಡಗಿ ಮುಚ್ಚಿಡುತ್ತಿದ್ದ ಕಣ್ಣು

ಮರಗೆಲಸದ ಕಾರ್ಖಾನೆಯಲ್ಲಿ ಅಂಟಿನ ಡಬ್ಬಿ ಆ ವಾರ ಮೂರನೆಯ ಸಲ ಉರುಳಿತು. ಬಿಳಿ ಅಂಟು ಹೊಸ ಬಾಗಿಲಿನ ಮೇಲೆ ಹರಿದು, ಮರದ ಹೊಟ್ಟಿನಲ್ಲಿ ಕಲಸಿ, ಬಡಗಿಯ ಚಪ್ಪಲಿಯವರೆಗೂ ಬಂತು.

“ಎಡಗಡೆ ಡಬ್ಬಿ ಇಡಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳಲಿ?” ಎಂದು ಬಡಗಿ ಗುಡುಗಿದ.

ಬಾಗಿಲಿಗೆ ಮರಳುಕಾಗದ ಉಜ್ಜುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. “ಇಟ್ಟೋರು ನೀವೇ.”

“ನಿನ್ನೆ ಸ್ಟೂಲು?”

“ಅದೂ ನೀವೇ.”

“ಮೊನ್ನೆ ಭುಜಕ್ಕೆ ಹೊಡೀತಲ್ಲ, ಆ ಗೋಡೆ?”

“ಗೋಡೆ ನಾವು ಹುಟ್ಟೋಕೆ ಮುಂಚೆಯಿಂದ ಅಲ್ಲೇ ಇದೆ ಅಣ್ಣ,” ಎಂದ ಕೀಸುಳಿಯಿಂದ ಹಲಗೆ ನುಣುಪು ಮಾಡುತ್ತಿದ್ದ ತಮ್ಮ. “ನೀನೇ ಅದಕ್ಕೆ ಹೋಗಿ ಹೊಡೆದೆ.”

ಬಡಗಿಗೆ ಮೈಯೆಲ್ಲ ಉರಿಯಿತು. ಅವನನ್ನು ಊರೆಲ್ಲ ಕರೆಯುತ್ತಿದ್ದುದು ‘ನೂಲುಕಣ್ಣ’ ಎಂದು. ಹಲಗೆಯ ಒಂದು ತುದಿಯನ್ನು ಕೆನ್ನೆಗೆ ತಾಗಿಸಿ, ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಉದ್ದಕ್ಕೂ ನೋಡಿದನೆಂದರೆ ಕೂದಲೆಳೆಯಷ್ಟು ಡೊಂಕೂ ಸಿಕ್ಕಿಬೀಳುತ್ತಿತ್ತು. ನೂಲು ಹಿಡಿದು ನೋಡುವ ಗೊಡವೆಯೇ ಇಲ್ಲ. ಅಂಥವನಿಗೆ ಗೋಡೆ ಕಾಣುವುದಿಲ್ಲವಂತೆ!

ಗರಗಸದ ಹಲ್ಲು ಮೊಂಡಾಗುವ ಮೊದಲೇ ಅರ ಹಾಕುತ್ತಿದ್ದ. ಉಳಿಗೆ ದಿನಾ ಸಾಣೆ. ಕಣ್ಣಿಗೆ? ನಲವತ್ತೆಂಟು ವರ್ಷದಲ್ಲಿ ಒಂದು ಸಲವೂ ಯಾರಿಗೂ ತೋರಿಸಿರಲಿಲ್ಲ. ಕಬ್ಬಿಣಕ್ಕೆ ಕೊಡುವ ಮರ್ಯಾದೆಯನ್ನು ಕಣ್ಣಿಗೆ ಕೊಡದ ನಮ್ಮಂಥವರಿಗೆ ಏನು ಹೇಳೋಣ!

ಅಷ್ಟರಲ್ಲಿ ನಾದಿನಿ ಒಳಗೆ ಬಂದಳು. ಹೆಂಡತಿಯ ತಂಗಿ, ಕಣ್ಣಿನ ಆಸ್ಪತ್ರೆಯಲ್ಲಿ ಬಂದವರ ದೃಷ್ಟಿ ಅಳೆಯುವುದು ಅವಳ ಕೆಲಸ.

“ಏನು ಭಾವ, ಕಾಲಿಗೂ ಅಂಟು ಹಚ್ಕೊಂಡಿದ್ದೀರಿ? ಅಕ್ಕ ಮನೆಯಿಂದ ಓಡಿಸ್ತಾಳೆ ಅಂತ ಭಯಾನಾ?”

“ಬಾರಮ್ಮ, ನೀನೊಬ್ಬಳು ಬಾಕಿ ಇದ್ದೆ.”

“ಎಡಗಡೆ ಇಟ್ಟಿದ್ದೆಲ್ಲ ಬೀಳಿಸ್ತಾರೆ ಕಣೇ, ಬೈಗುಳ ಮಾತ್ರ ನಮಗೆ,” ಎಂದಳು ಅಕ್ಕ.

ನಾದಿನಿಯ ನಗು ಅಲ್ಲಿಗೇ ನಿಂತಿತು. “ಎಡಗಡೆ ಮಾತ್ರಾನಾ? ಭಾವ, ಆ ಹಲಗೆ ಒಂಚೂರು ನೋಡಿ, ನೇರ ಇದೆಯಾ?”

ತಮ್ಮ ಆಚೆ ತುದಿ ಹಿಡಿದ. ಬಡಗಿ ಎಡಗಣ್ಣು ಮುಚ್ಚಿದ. “ಬಾಣದ ಹಾಗಿದೆ.”

“ಈಗ ಬಲಗಣ್ಣು ಮುಚ್ಚಿ ನೋಡಿ.”

“ನನಗೆ ಆ ಕಣ್ಣಿನ ಅಭ್ಯಾಸ ಇಲ್ಲ.”

“ನೋಡೋಕೂ ಅಭ್ಯಾಸ ಬೇಕಾ?”

ಬಡಗಿ ಬಲಗಣ್ಣು ಮುಚ್ಚಿದ. ಹಲಗೆ ಅರ್ಧಕ್ಕೇ ಮುಗಿದುಹೋಯಿತು. ಆಚೆಗೆ ಮಾಸಲು ಹೊಗೆ. “ಹೊಟ್ಟು ಬಿದ್ದಿದೆ,” ಎಂದು ಹೋಗಿ ಮುಖ ತೊಳೆದು ಬಂದು ಮತ್ತೆ ನೋಡಿದ. ಅದೇ ಹೊಗೆ.

“ಏಯ್, ಅಲ್ಲೇ ಇದ್ದೀಯೇನೋ?”

“ಇಲ್ಲೇ ಇದ್ದೀನಿ ಅಣ್ಣ.”

ಮೂವತ್ತು ವರ್ಷ, ದಿನಕ್ಕೆ ನೂರು ಸಲ ಆ ಕಣ್ಣನ್ನು ಮುಚ್ಚಿದ್ದ. ಅದರ ಬೆಳಕು ಯಾವತ್ತು ಹೋಯಿತೋ, ಇಟ್ಟುಕೊಂಡವನಿಗೇ ಗೊತ್ತಿಲ್ಲ.

ಆದರೂ ಸೋಲುವ ಆಸಾಮಿಯಲ್ಲ. “ಹೋದ್ರೆ ಹೋಗ್ಲಿ. ನನ್ನ ಕೆಲಸಕ್ಕೆ ಬೇಕಾದ್ದು ಒಂದೇ ಕಣ್ಣು. ಬಲಗಣ್ಣು ಗಟ್ಟಿಯಾಗಿದೆ.”

“ಗಟ್ಟಿ ಅಂತ ಯಾರು ಹೇಳಿದ್ದು?”

“ನೋವಿಲ್ಲ. ಕೆಂಪಾಗಿಲ್ಲ. ನೀರು ಸುರಿಯಲ್ಲ.”

“ಎಡಗಣ್ಣು ನೋಯ್ತಿತ್ತಾ?”

ಬಡಗಿ ಎಡಗಣ್ಣನ್ನು ಬೆರಳಿಂದ ಮುಟ್ಟಿ ನೋಡಿಕೊಂಡ.

“ಗೆದ್ದಲು ಹಿಡಿದ ಬಾಗಿಲು ಹೊರಗಿಂದ ಚೆನ್ನಾಗೇ ಇರತ್ತೆ ಅಲ್ವಾ ಭಾವ? ಅದಕ್ಕೇ ನೀವು ಬೆರಳಲ್ಲಿ ತಟ್ಟಿ ನೋಡ್ತೀರಿ. ನಿಮ್ಮ ಕಣ್ಣನ್ನ ತಟ್ಟಿ ನೋಡಿದೋರು ಯಾರು?”

ಗೆದ್ದಲಿನ ಹೆಸರು ಕೇಳಿ ಬಡಗಿ ಕೈಯಲ್ಲಿದ್ದ ಹಲಗೆಯನ್ನು ಮೆಲ್ಲಗೆ ಕೆಳಗಿಟ್ಟ. “ಅಂಗಿ ತಂದುಕೊಡೇ,” ಎಂದ ಹೆಂಡತಿಗೆ.

ಆಸ್ಪತ್ರೆಯಲ್ಲಿ ಅಕ್ಷರ ಓದಿಸಿದರು. ಕಣ್ಣಿನ ಒತ್ತಡ ಅಳೆದರು. ಹನಿ ಹಾಕಿ ಒಳಗಿನ ನರ ನೋಡಿದರು. ಒಂದು ಯಂತ್ರದ ಮುಂದೆ ಕೂರಿಸಿ, ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ಎಲ್ಲೂ ನೋಯಲಿಲ್ಲ. ಬಲಗಣ್ಣಿನ ಸರದಿಯಲ್ಲಿ ಒಂದು ಬೆಳಕನ್ನೂ ಬಿಟ್ಟಿಲ್ಲ ಎಂಬ ಗತ್ತಿನಲ್ಲೇ ಬಡಗಿ ಎದ್ದ.

ಡಾಕ್ಟರಮ್ಮ ತೋರಿಸಿದ ಕಾಗದದಲ್ಲಿ ಬೆಳಕು ಕಾಣದ ಜಾಗವೆಲ್ಲ ಕಪ್ಪಾಗಿತ್ತು. ಎಡಗಣ್ಣಿನ ಚಿತ್ರ ಹೆಚ್ಚುಕಮ್ಮಿ ಪೂರ್ತಿ ಕಪ್ಪು. ಬಲಗಣ್ಣಿನದು ಬೆಳ್ಳಗಿತ್ತು, ಆದರೆ ಅಂಚಿನಲ್ಲಿ ಕಪ್ಪು ಏರತೊಡಗಿತ್ತು.

“ಇದಕ್ಕೆ ಗ್ಲಾಕೋಮಾ ಅಂತಾರೆ. ಕಣ್ಣಿಂದ ಮಿದುಳಿಗೆ ಹೋಗೋ ನರ ಸವೆಯುತ್ತೆ. ನಿಮ್ಮ ಕಣ್ಣೊಳಗಿನ ಒತ್ತಡ ಜಾಸ್ತಿ ಇದೆ, ಅದೇ ನರ ಸವೆಸ್ತಿದೆ. ಎಡಗಣ್ಣಲ್ಲಿ ಹೋದದ್ದು ವಾಪಸ್ ಬರಲ್ಲ. ಬಲಗಣ್ಣಿಗೂ ಶುರುವಾಗಿದೆ. ಅದಕ್ಕೆ ಹನಿ ಔಷಧಿ ಒಂದು ದಿನಾನೂ ತಪ್ಪಿಸದೆ ಹಾಕಿ, ಹೇಳಿದಾಗೆಲ್ಲ ತೋರಿಸಿ. ಉಳಿದಿರೋದನ್ನ ಕಾಪಾಡಬಹುದು.”

“ಮುಂಚೆ ಬಂದಿದ್ರೆ?”

“ಎರಡನ್ನೂ ಉಳಿಸೋಕೆ ಅವಕಾಶ ಇತ್ತು.”

ಬಡಗಿ ಕಾಗದ ಮಡಚಿದ. ಡಬ್ಬಿ ಬಿದ್ದಾಗ ಬೈಯಲು ಹೆಂಡತಿ ಇದ್ದಳು, ತಮ್ಮ ಇದ್ದ. ಇದಕ್ಕೆ ಯಾರನ್ನು ಬೈಯುವುದು?

“ಒಡಹುಟ್ಟಿದೋರು ಇದ್ದಾರಾ?” ಡಾಕ್ಟರಮ್ಮ ಕೇಳಿದರು. “ಇದು ರಕ್ತಸಂಬಂಧದಲ್ಲಿ ಬರಬಹುದು.”

ಕಾರ್ಖಾನೆಗೆ ಮರಳಿ ವಿಷಯ ಹೇಳಿದರೆ, ತಮ್ಮನದು ಬೇರೆ ರಾಗ. “ನಾನು ಎರಡೂ ಕಣ್ಣನ್ನ ಒಂದೊಂದಾಗಿ ಮುಚ್ಚಿ ನೋಡಿದೆ ಅಣ್ಣ. ಎರಡರಲ್ಲೂ ನಿನ್ನ ಸಿಡುಕು ಮೋರೆ ಚೆನ್ನಾಗಿ ಕಾಣತ್ತೆ. ಇನ್ನೇನು ಬೇಕು?”

ಬಡಗಿ ಅವನ ಕೈಯಿಂದ ಕೀಸುಳಿ ಕಿತ್ತಿಟ್ಟ. “ನನ್ನ ಬಲಗಣ್ಣಿಗೂ ಎಲ್ಲ ಕಾಣ್ತಿತ್ತು ಕಣೋ. ನಡಿ.”

ತಮ್ಮನಿಗೂ ಒತ್ತಡ ಜಾಸ್ತಿಯೇ ಇತ್ತು. ಆದರೆ ನರ ಇನ್ನೂ ಗಟ್ಟಿಯಾಗಿತ್ತು, ದೃಷ್ಟಿ ಎಳ್ಳಷ್ಟೂ ಹೋಗಿರಲಿಲ್ಲ. “ಸರಿಯಾದ ಹೊತ್ತಿಗೆ ಬಂದ್ರಿ, ಇವತ್ತೇ ಹನಿ ಶುರು ಮಾಡೋಣ,” ಎಂದರು ಡಾಕ್ಟರಮ್ಮ. ಬಡಗಿ ಬೆಂಚಿನ ಮೇಲೆ ಕೂತು ತಮ್ಮನ ಕಾಗದವನ್ನು ಹಲಗೆ ನೋಡಿದ ಹಾಗೆ ನೋಡಿದ. ಅಂಚಿನಲ್ಲೂ ಕಪ್ಪಿರಲಿಲ್ಲ. ತಾನು ಕಳೆದುಕೊಂಡದ್ದು ಎಂಥದೆಂದು ಆಗ ತಿಳಿಯಿತು; ತಮ್ಮನ ಹೆಗಲ ಮೇಲೆ ಕೈ ಹಾಕಿ ಬಹಳ ಹೊತ್ತು ತೆಗೆಯಲಿಲ್ಲ.

ಈಗ ಆ ಕಾರ್ಖಾನೆಯ ಬಲಗಡೆಯ ಗೋಡೆಗೆ ಅಂಗೈಯಗಲದ ಒಂದು ಮರದ ಗೂಡಿದೆ. ಅದರಲ್ಲಿ ಅಣ್ಣನದೊಂದು, ತಮ್ಮನದೊಂದು ಹನಿ ಸೀಸೆ. ಕ್ಯಾಲೆಂಡರಿನಲ್ಲಿ ಮುಂದಿನ ಪರೀಕ್ಷೆಯ ದಿನಕ್ಕೆ ಹೆಂಡತಿ ಬಡಗಿಯ ಪೆನ್ಸಿಲಿನಿಂದಲೇ ದಪ್ಪ ಗೆರೆ ಎಳೆದಿದ್ದಾಳೆ. ಬಾಗಿಲು ಮಾಡಿಸಲು ಬಂದವರ ಕೈಗೆ ಬಡಗಿ ಮೊದಲು ಹಲಗೆ ಕೊಡುತ್ತಾನೆ. “ಒಂದು ಕಣ್ಣು ಮುಚ್ಚಿ. ಈಗ ಇನ್ನೊಂದು.” ಎರಡರಲ್ಲೂ ಚೆನ್ನಾಗಿ ಕಾಣತ್ತೆ ಎಂದು ಯಾರಾದರೂ ಬೀಗಿದರೆ, “ನನ್ನ ತಮ್ಮನಿಗೂ ಕಾಣ್ತಿತ್ತು. ಹೋಗಿ ತೋರಿಸಿ,” ಎನ್ನುತ್ತಾನೆ.

ಓದುತ್ತಿರುವ ಅಕ್ಕ, ಅಣ್ಣ, ನಿಮಗೂ ಅದೇ ಮಾತು. ನೋವು ಬರಲಿ, ಆಮೇಲೆ ನೋಡೋಣ ಎಂದು ಕೂರಬೇಡಿ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ನೋವು ಬರುವುದೇ ಇಲ್ಲ, ದೃಷ್ಟಿ ಹೋಗುತ್ತದೆ. ನಲವತ್ತು ದಾಟಿದ್ದರೆ, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ಕಣ್ಣು ಪೂರ್ತಿ ಪರೀಕ್ಷೆ ಮಾಡಿಸಿ; ಮತ್ತೆ ಯಾವಾಗ ಬರಬೇಕೆಂದು ಕೇಳಿಕೊಂಡೇ ಎದ್ದು ಬನ್ನಿ. ಸಕ್ಕರೆ ಕಾಯಿಲೆ ಇದ್ದರಂತೂ ವರ್ಷ ವರ್ಷವೂ ಹೋಗಲೇಬೇಕು. ಈ ಹಾಳೆ ಓದುವಷ್ಟು ಕಣ್ಣು ನಿಮಗಿನ್ನೂ ಇದೆ. ಈ ವಾರವೇ ಹೊರಡಿ. ಒಡಹುಟ್ಟಿದವರನ್ನೂ ಎಳೆದುಕೊಂಡು ಹೋಗಿ.