ನೀನೇ ತೀರ್ಮಾನ ಮಾಡು

ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿದರೂ ನಡುಮನೆಯಲ್ಲಿ ಜಾಗ ಸಾಲಲಿಲ್ಲ. ಅಪ್ಪ, ಸೋದರಮಾವ ಇಬ್ಬರೂ ಸೇರಿ ಬಟ್ಟೆ ಕತ್ತರಿಸುವ ಮೇಜನ್ನು ಹೊರಗೆ ಸಾಗಿಸಿ ಅಮ್ಮನ ದೇಹವನ್ನು ಮಲಗಿಸಿದರು. ನೆಲದಲ್ಲಿದ್ದ ದಾರದ ಚೂರುಗಳು ಬಂದವರ ಕಾಲಿಗೆಲ್ಲ ಅಂಟಿದವು.

"ಈ ಬೀದಿ ಮಕ್ಕಳ ಯೂನಿಫಾರಂ ಎಲ್ಲ ಇವಳ ಕೈಯದೇ," ಎಂದಳು ಪಕ್ಕದ ಮನೆಯಾಕೆ. "ಬೆಳೆಯೋ ಮಕ್ಕಳು ಅಂತ ನಾಲ್ಕು ಬೆರಳು ಹೆಚ್ಚಿಗೇನೇ ಹೊಲಿಯೋಳು. ನನ್ನ ಮಗ ಏಳನೇ ಕ್ಲಾಸಿನ ತನಕ ಪ್ಯಾಂಟು ಹಿಡ್ಕೊಂಡೇ ಓಡಾಡಿದ."

ಸೋದರಮಾವ ನಕ್ಕ, ನಗುತ್ತಲೇ ಅತ್ತುಬಿಟ್ಟ. ಬೆಳಗಿನ ಬಸ್ಸಿಗೆ ಬಂದಿದ್ದ ಮಗಳು ಮಾತ್ರ ಅಪ್ಪನನ್ನೇ ನೋಡುತ್ತಿದ್ದಳು.

"ಅಪ್ಪಾ, ಅಮ್ಮ ನನ್ನನ್ನ ಕೇಳಿದ್ಲಾ?"

"ದಿನಾ ಕೇಳೋಳು."

"ಮತ್ತೆ ಬಾ ಅಂತ ಯಾಕೆ ಅನ್ನಲಿಲ್ಲ?"

*

ಹಾಸ್ಟೆಲಿಗೆ ಸೇರಿದ ಮೊದಲ ತಿಂಗಳು ಅಮ್ಮ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದಳು. ತಿಂದೆಯಾ, ಸ್ನಾನ ಆಯ್ತಾ, ಯಾವ ಬಟ್ಟೆ ಹಾಕಿದೀಯ.

"ನಾನೇನು ಎಳೆ ಮಗುನಾ? ನಂದು ನಾನು ನೋಡ್ಕೋತೀನಿ, ಬಿಡಮ್ಮ," ಎಂದು ಮಗಳು ರೇಗಿದಳು.

ಅಮ್ಮನದು ಹಿಡಿದರೆ ಉಡದ ಪಟ್ಟು. ಅಂದಿನಿಂದ ಏನು ಕೇಳಿದರೂ ಒಂದೇ ಉತ್ತರ: "ನೀನೇ ತೀರ್ಮಾನ ಮಾಡು." ಕೂದಲು ಕತ್ತರಿಸುವುದಕ್ಕೂ ಅದೇ, ಓದುವ ವಿಷಯ ಬದಲಿಸುವುದಕ್ಕೂ ಅದೇ. ಗೆಳತಿಯರ ಮುಂದೆ ಮಗಳು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಕಳೆದ ತಿಂಗಳು ಕೇಳಿದ್ದಳು, "ಅಮ್ಮಾ, ರಜೆಗೆ ಬರಲಾ? ಇಲ್ಲೇ ಲೈಬ್ರರಿ ಕೆಲಸಕ್ಕೆ ಸೇರಲಾ?"

ಅಮ್ಮ ಎಂದಳು, "ನಿಂಗೆ ಹೇಗನ್ಸುತ್ತೋ ಹಾಗೆ ಮಾಡು ಕಂದ."

ಮಗಳು ಅಲ್ಲೇ ಉಳಿದಳು.

*

"ರಜೆಗೆ ಬರಲಾ ಅಂತ ನೀನು ಕೇಳಿದ್ಯಲ್ಲ, ಅವತ್ತೇ ಡಾಕ್ಟರು ಇನ್ನು ಒಂದೆರಡು ತಿಂಗಳು ಅಂದಿದ್ರು," ಎಂದ ಅಪ್ಪ. "ನಾನು ಫೋನ್ ಕಿತ್ಕೊಳ್ಳೋಕೆ ಹೋದೆ. ಕಾಯಿಲೆ ಹೇಳಿ ಕರೆಸ್ಕೊಂಡ್ರೆ ಅದು ಅವಳ ತೀರ್ಮಾನ ಹೇಗಾಗುತ್ತೆ ಅಂದ್ಲು. ಅವಳಾಗೇ ಬರ್ತಾಳೆ ಅಂತ ಕಾದ್ಲು."

ಅಮ್ಮ ಒಂದೇ ಒಂದು ಸಲ ಬಾ ಎಂದಿದ್ದರೆ ಮಗಳು ಓಡಿ ಬರುತ್ತಿದ್ದಳು. ಅಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು. ಜಗಳವಾಡೋಣವೆಂದರೆ ಅಮ್ಮ ಇಲ್ಲ.

ಬಿಸಿಲೇರಿತು. ನಾಲ್ವರು ಅಮ್ಮನನ್ನು ಹೆಗಲಿಗೇರಿಸಿಕೊಂಡು ಬಾಗಿಲಿಗೆ ಬಂದರು.

"ಹೊರಡೋಣವಾ?" ಎಂದ ಸೋದರಮಾವ.

ಅಪ್ಪ ಮಗಳ ಕಡೆ ತಿರುಗಿದ. "ನೀನೇ ಹೇಳಮ್ಮ. ಇನ್ನೂ ಸ್ವಲ್ಪ ಹೊತ್ತು ಇರಲಿ ಅಂದ್ರೆ ಇರಲಿ."

ಅವಳು ಅಮ್ಮನ ಕಡೆ ತಿರುಗಿದಳು. ಮುಂದಿದ್ದವನು ಭಾರ ತಾಳದೆ ಹೆಗಲು ಬದಲಿಸಿದ, ಹಿಂದಿನವನೂ ಬದಲಿಸಿದ. ನಾಲ್ವರೂ ಅವಳ ಮುಖವನ್ನೇ ನೋಡುತ್ತ ಬಾಗಿಲಲ್ಲಿ ನಿಂತಿದ್ದರು.