ಗದ್ದೆಯಲ್ಲಿ ಸೋತ ಗ್ರೀಕರು

ಮಂಡ್ಯದ ವಿಚಾರ ಸಂಕಿರಣದಲ್ಲಿ ಇತಿಹಾಸ ವಿಭಾಗದ ಮುಖ್ಯಸ್ಥ ನಾಗಯ್ಯ ಪರದೆಯ ಮೇಲೆ ಮೊದಲ ಚಿತ್ರ ಹಾಕಿದಾಗ ವೀಣಳ ಮೈಯೆಲ್ಲ ಉರಿದುಹೋಯಿತು. ಅದು ಅವಳೇ ತೆಗೆದ ಫೋಟೊ. ಕೊತ್ತತ್ತಿಯಲ್ಲಿರುವ ಅವಳ ಸೋದರಮಾವ ಜವರಯ್ಯನ ಗದ್ದೆ.

ವೀಣ ಮದ್ದೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ನಾಗಯ್ಯನವರ ಕೈಕೆಳಗೇ ಕೆಲಸ. ಆರು ವರ್ಷದಿಂದ ಅವಳ ತಲೆಯಲ್ಲಿ ಒಂದೇ ಪ್ರಶ್ನೆ: ಅಲೆಕ್ಸಾಂಡರನ ಗ್ರೀಕ್ ಸೇನೆ ರೋಮನ್ನರ ಮೇಲೆ ಬಿದ್ದಿದ್ದರೆ ಗೆಲ್ಲುತ್ತಿದ್ದವರು ಯಾರು? ನಾಗಯ್ಯನವರ ಮುಂದೆ ಹೇಳಿದಾಗ ಅವರು ನಕ್ಕಿದ್ದರು. "ಯುದ್ಧ ಗಿದ್ಧ ಎಲ್ಲ ನಿನಗ್ಯಾಕಮ್ಮ? ಮಹಿಳೆಯರ ಸ್ಥಾನಮಾನದ ಬಗ್ಗೆ ಏನಾದ್ರೂ ಬರಿ."

ಅವಳು ಬಿಡಲಿಲ್ಲ. ಭತ್ತದ ಕುಯ್ಲು ಮುಗಿದ ಮೇಲೆ ಮೂವತ್ತೆರಡು ವಿದ್ಯಾರ್ಥಿಗಳನ್ನು ಕೊತ್ತತ್ತಿಗೆ ಕರೆದೊಯ್ದಳು. ಅರ್ಧ ಜನ ಗ್ರೀಕರು. ಕೈಯಲ್ಲಿ ಹದಿನೆಂಟಡಿ ಬಿದಿರಿನ ಗಳ. ಉಳಿದವರು ರೋಮನ್ನರು, ಪ್ಲೈವುಡ್ ಗುರಾಣಿ, ಮೊಳದುದ್ದದ ಕೋಲು. ಸಮತಟ್ಟಾದ ಕಣದಲ್ಲಿ ರೋಮನ್ನರಿಗೆ ಹತ್ತಿರ ಬರಲೂ ಆಗಲಿಲ್ಲ. ಗದ್ದೆಗೆ ಇಳಿದದ್ದೇ ತಡ, ಬದು ದಾಟುವಾಗ ಗ್ರೀಕರ ಸಾಲು ಒಡೆಯಿತು. ಪುನೀತ್ ಎಡವಿ ಬಿದ್ದ, ಅವನ ಗಳ ಪಕ್ಕದವನ ಕಾಲಿಗೆ ಸಿಕ್ಕಿತು, ಆ ಸಂದಿಯಲ್ಲೇ ರೋಮನ್ನರು ನುಗ್ಗಿದರು.

"ಅಷ್ಟುದ್ದದ ಗಳ ಇಟ್ಕಂಡು ತಿರುಗಾಕಾದದಾ?" ಎಂದ ಜವರಯ್ಯ. "ಪಕ್ಕದಲ್ಲಿ ಕಾಯಾಕೆ ಯಾರಾರ ಇರ್ಬೇಕು ಕಣವ್ವ."

ಅದೇ ಅವಳ ಪ್ರಬಂಧದ ತಿರುಳಾಯಿತು. ಪಕ್ಕ ಕಾಯಲು ಕುದುರೆಪಡೆಯಿದ್ದ ಅಲೆಕ್ಸಾಂಡರ್ ಗೆಲ್ಲುತ್ತಿದ್ದ. ಆ ಪಡೆ ಸೊರಗಿದ ಮೇಲೆ ಬಂದ ಗ್ರೀಕ್ ದೊರೆಗಳು ರೋಮನ್ನರಿಗೆ ಸೋತರು. ಬರೆದು ಮುಗಿಸಿ, ಫೋಟೊಗಳ ಸಮೇತ, ತಿದ್ದಿಕೊಡಿ ಎಂದು ನಾಗಯ್ಯನವರ ಕೈಗೆ ಕೊಟ್ಟಿದ್ದಳು.

ಈಗ ಅವರು ಅದನ್ನೇ ಓದುತ್ತಿದ್ದರು. "ನಾನು ನಡೆಸಿದ ಪ್ರಯೋಗದಲ್ಲಿ..."

ವೀಣ ಎದ್ದು ನಿಂತಳು. "ಸರ್, ಅದು ನನ್ನ ಪ್ರಬಂಧ."

"ಕೂತ್ಕೊಳ್ಳಮ್ಮ. ವಿಭಾಗದ ಕೆಲಸ ಅಂದ್ರೆ ಎಲ್ಲರದ್ದೂ."

"ಎಲ್ಲರದ್ದೂ ಆಗಿದ್ರೆ ನಿಮ್ಮೊಬ್ಬರದೇ ಹೆಸರು ಯಾಕಿದೆ? ಆ ಗದ್ದೆ ಯಾವೂರಿದು, ಹೇಳಿ ನೋಡೋಣ."

ನಾಗಯ್ಯ ತಡವರಿಸಿದರು. "ಹನಕೆರೆ ಕಡೇದು..."

ಹಿಂದಿನ ಸಾಲಿನಿಂದ ಪುನೀತ್ ಎದ್ದ. "ಕೊತ್ತತ್ತಿದು ಸಾ. ಬದು ಮ್ಯಾಲೆ ಬಿದ್ದೋನು ನಾನು. ನೀವು ಆ ಕಡೀಕ್ ತಲೇನೂ ಆಕಿರ್ನಿಲ್ಲ."

ಸಭೆ ಗೊಳ್ಳೆಂದಿತು.

"ನಗಬೇಡಿ!" ವೀಣ ಕಿರುಚಿದಳು. "ಇವರು ಕದ್ದಿದ್ದಾರೆ. ಇದರಲ್ಲಿ ನಗೋಕೇನಿದೆ?"

ವೇದಿಕೆ ಹತ್ತಿ ಅವರ ಕೈಯಿಂದ ಹಾಳೆಗಳನ್ನು ಕಿತ್ತುಕೊಂಡಳು. ಉಳಿದದ್ದನ್ನು ನಿಂತಲ್ಲೇ, ಒಂದೇ ಉಸಿರಿಗೆ ಓದಿ ಮುಗಿಸಿದಳು. ಯಾರೂ ತಡೆಯಲಿಲ್ಲ.

ಸಂಕಿರಣದ ಪುಸ್ತಕದಲ್ಲಿ ಅವಳ ಹೆಸರೇ ಅಚ್ಚಾಯಿತು. ಆದರೆ ಮುಂದಿನ ಅವಧಿಗೆ ಅವಳಿಗೆ ಪಾಠವೇ ಇರಲಿಲ್ಲ. ತರಗತಿಗಳು ಕಡಿಮೆಯಾಗಿವೆ ಎಂದು ಪತ್ರ ಬಂತು. ಕೆಳಗೆ ನಾಗಯ್ಯನವರ ಸಹಿ.

"ಒಂದ್ ಮಾತು ನುಂಗ್ಕಂಡಿದ್ರೆ ಕೆಲ್ಸ ಉಳೀತಿತ್ತಲ್ಲ," ಎಂದಳು ತಾಯಿ ಯಶೋದಮ್ಮ.

"ಆರು ವರ್ಷ ನುಂಗಿದ್ದು ಸಾಕು ಕಣವ್ವ."

ಮಳವಳ್ಳಿಯ ಕಾಲೇಜಿನಲ್ಲಿ ಕೆಲಸ ಸಿಗಲು ಏಳು ತಿಂಗಳು ಹಿಡಿಯಿತು. ಸೇರಿದ ದಿನ ಜವರಯ್ಯ ಫೋನು ಮಾಡಿದ.

"ಸಿಟ್ಟು ಇಳೀತೇನವ್ವ?"

"ಇಲ್ಲ ಮಾವ."

"ಇರ್ಲಿ ಬುಡು. ಇಳೀಬೇಕಾಗಿರಾದು ನಿನ್ ಸಿಟ್ಟಲ್ಲ, ಆ ನಾಗಯ್ಯನ ಕೊಬ್ಬು."